ನಾಯಿಯದಾದರೆ ಏಳು ನೀರು

ಕೈಕಾಲು ತೊಳೆದು ವುಜೂ ಮುಗಿಸಿ, ಮೊಣಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ ನಮಾಜಿಗೆಂದು ಹಜಾರಕ್ಕೆ ಬಂದ ರತೀಬಾ ಎಡಗಾಲನ್ನು ನೇರವಾಗಿ ಅದರೊಳಗೇ ಇಟ್ಟಳು. ಬೆಚ್ಚಗಿತ್ತು. ತಣ್ಣಗಿದ್ದಿದ್ದರೆ ನೀರೆಂದಾದರೂ ಅಂದುಕೊಳ್ಳಬಹುದಿತ್ತು, ಆ ಭಾಗ್ಯವೂ ಇಲ್ಲ. ಬೆರಳ ಸಂದಿಗಳಿಗೆಲ್ಲ ಇಳಿಯಿತು. ಬೆಳಗ್ಗೆ ತಿಂದಿದ್ದ ಬೇಯಿಸಿದ ಕಾಳು ಗಂಟಲಿಗೆ ಬಂದಂತಾಯಿತು.

ಒಂಟಿ ಕಾಲಿನಲ್ಲಿ ಕುಂಟುತ್ತ ಮತ್ತೆ ಬಚ್ಚಲಿಗೆ ಹೋದಳು. ಸೋಫಾದ ಅಡಿಯಿಂದ ಬುಂದುಕ್ ಮೂಗು ಹೊರಗೆ ಹಾಕಿ, ಏನೋ ದೊಡ್ಡ ಉಪಕಾರ ಮಾಡಿದ ಹಾಗೆ ಬಾಲ ಅಲ್ಲಾಡಿಸಿತು. ಮೊಲಕ್ಕಿಂತ ಚಿಕ್ಕ ನಾಯಿಮರಿ. ಕಂದು ಕೂದಲು ಕಣ್ಣಿನ ಮೇಲೆಲ್ಲ ಇಳಿಬಿದ್ದು ಯಾವುದು ಮುಂದು, ಯಾವುದು ಹಿಂದು ಎಂದು ತಿಳಿಯುವುದೇ ಕಷ್ಟ. ಇಂಥ ಪುಟ್ಟ ಜಾತಿಯ ನಾಯಿಗಳನ್ನು ಕೈರೋದ ಜನ ಲೂಲೂ ಎಂದು ಕರೆದು ಮುದ್ದು ಮಾಡುತ್ತಾರೆ. ಮುದ್ದು ಮಾಡುವವರ ಮನೆಯ ನೆಲ ಯಾರು ಒರೆಸುತ್ತಾರೋ, ಅದು ಮಾತ್ರ ರತೀಬಾಳಿಗೆ ಗೊತ್ತಿರಲಿಲ್ಲ.

"ಏನಾಯ್ತೇ?" ಎಂದರು ಕುರ್ಚಿಯಲ್ಲಿ ಕೂತಿದ್ದ ಅವಳ ಗಂಡ ಫಹ್ಮಿ.

"ಏನಾಗುತ್ತೆ. ನಿಮ್ಮ ಮಗಳು ಕೊಟ್ಟ ಉಡುಗೊರೆ ಕಾಲಿಗೆ ಸಿಕ್ತು."

"ಮಗು ಅದು. ಕಲಿಯುತ್ತೆ ಬಿಡು."

"ನಿಮ್ಮ ಮಗಳು ಮಗುವಾಗಿದ್ದಾಗ ಈ ಮಾತು ಎಲ್ಲಿ ಹೋಗಿತ್ತು? ಲಂಗೋಟಿ ಬಿಚ್ಚಿದ್ರೆ ಸಾಕು, ಮೂಗು ಮುಚ್ಕೊಂಡು ಆಚೆ ಕೋಣೆಗೆ ಓಡ್ತಿದ್ರಿ."

ಫಹ್ಮಿ ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು.

ಶುಬ್ರಾ ಬಡಾವಣೆಯ ಗಂಡುಹುಡುಗರ ಶಾಲೆಯೊಂದಕ್ಕೆ ಹೆಡ್ಮಾಸ್ತರರಾಗಿದ್ದವರು ಅವರು. ಅವರ ಬೂಟಿನ ಸದ್ದು ಮೆಟ್ಟಿಲಿನಲ್ಲಿ ಕೇಳಿದರೆ ಮೇಲಿನ ತರಗತಿಯ ಹುಡುಗರು ಉಸಿರು ಬಿಗಿಹಿಡಿಯುತ್ತಿದ್ದರು. ಇಸ್ತ್ರಿಯ ಗೆರೆ ಮುರಿದ ಪ್ಯಾಂಟಿನಲ್ಲಿ ಅವರು ಬೀದಿಗೆ ಇಳಿದದ್ದನ್ನು ಯಾರೂ ನೋಡಿಲ್ಲ. ನಿವೃತ್ತರಾದ ಮೇಲೂ ಬೀದಿಯ ಜನಕ್ಕೆ ಅವರು ಹೆಡ್ಮಾಸ್ತರರೇ. ಅಂಥವರು ಚಳಿಗಾಲದಲ್ಲಿ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರು ಆ ಕುರ್ಚಿ ಬಿಟ್ಟು ಏಳಲೊಲ್ಲರು. ಮಸೀದಿ ಎದುರು ಬೀದಿಯಲ್ಲೇ ಇತ್ತು, ಶುಕ್ರವಾರವೂ ಹೋಗಲಿಲ್ಲ. ಕುರ್ಚಿಯಲ್ಲಿ ಕೂತೇ ನಮಾಜು. ಕೇಳಿದರೆ ಹೊಲಿಗೆ ಎಳೆಯುತ್ತದೆ ಎನ್ನುತ್ತಿದ್ದರು. ಹೊಲಿಗೆ ಬಿಚ್ಚಿ ತಿಂಗಳುಗಳೇ ಕಳೆದಿದ್ದವು. ಈ ಮನುಷ್ಯ ಹೀಗೇ ಕೂತಲ್ಲೇ ಒಣಗಿ ಮುಗಿದುಹೋಗುತ್ತಾನೆ ಎಂಬ ಭಯ ರತೀಬಾಳ ಎದೆಯೊಳಗೆ ಕೂತುಬಿಟ್ಟಿತ್ತು.

ಅದನ್ನು ಮಗಳ ಹತ್ತಿರ ಹೇಳಿಕೊಂಡದ್ದೇ ತಪ್ಪಾಯಿತು. ನಶ್ವಾ ಮುಂದಿನ ವಾರವೇ ಈ ಪ್ರಾಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

"ಇದನ್ನ ಅಪ್ಪ ದಿನಾ ಕೆಳಗೆ ಕರ್ಕೊಂಡು ಹೋಗ್ಬೇಕು. ಇಲ್ಲಾಂದ್ರೆ ಮನೇಲೇ ಮಾಡುತ್ತೆ. ಆಗ ಏಳಲೇಬೇಕಲ್ಲ ಅವರು."

"ನಾಯಿ ಇರೋ ಮನೆಗೆ ಮಲಕುಗಳು, ದೇವದೂತರು ಕಾಲಿಡಲ್ಲ," ಎಂದು ಫಹ್ಮಿ ಗುಡುಗಿದ್ದರು. "ಎತ್ಕೊಂಡು ಹೋಗು ಇದನ್ನ."

"ನೀವು ಬೀದಿಗೆ ಇಳೀತೀರಿ ಅಂದ್ರೆ ನಾಯಿ ಏನು, ಕತ್ತೆ ಬೇಕಾದ್ರೂ ಸಾಕ್ತೀನಿ," ಎಂದಿದ್ದಳು ರತೀಬಾ. ಹಾಗೆಂದ ನಾಲಿಗೆಯನ್ನು ಆಮೇಲೆ ಎಷ್ಟು ಸಲ ಕಚ್ಚಿಕೊಂಡಳೋ.

ಯಾಕೆಂದರೆ ಒರೆಸಿ ಬಿಸಾಕಿದರೆ ಮುಗಿಯುವ ಕೆಲಸವಲ್ಲ ಅದು. ಅವರದು ಶಾಫಿ ಪಂಥದ ಮನೆ. ನಾಯಿಯ ಎಂಜಲೋ ಉಚ್ಚೆಯೋ ತಗುಲಿದ ಜಾಗವನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಾಕಿ ಉಜ್ಜಬೇಕು. ಮನುಷ್ಯರದಾದರೆ ಒಂದು ನೀರು ಸಾಕು, ನಾಯಿಯದಾದರೆ ಏಳು. ಈ ವಿಷಯದಲ್ಲಿ ಫಹ್ಮಿಯಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿಲ್ಲ. ಮದುವೆಯಾದ ಹೊಸದರಲ್ಲಿ ಊರಿನ ಅಂಗಳದಲ್ಲಿಟ್ಟ ತಾಮ್ರದ ಪಾತ್ರೆಗೆ ಯಾವುದೋ ನಾಯಿ ಮೂತಿ ಹಾಕಿತೆಂದು, ಅವಳು ಏಳು ಸಲ ತೊಳೆದರೂ ಲೆಕ್ಕ ತಪ್ಪಿರಬಹುದೆಂದು ಮತ್ತೆ ಮೊದಲಿಂದ ತೊಳೆಸಿದ್ದರು.

ಮಣ್ಣನ್ನು ಕಟ್ಟಡದ ಬಾಗಿಲು ಕಾಯುವ ಇದ್ರೀಸ್ ಮೇಲಕ್ಕೆ ಹೊತ್ತು ತರಬೇಕು. ಅವನು ದಕ್ಷಿಣದ ಅಸ್ವಾನ್ ಕಡೆಯವನು, ಮಾತು ಆ ಕಡೆಯದೇ.

"ಏನ್ರೀ ಹಾಜಮ್ಮ, ಮ್ಯಾಲ ಹೊಲಾ ಮಾಡೀರೇನು? ಮೊನ್ನೆರ ಒಂದು ಬಕೀಟು ತಂದಿದ್ದೆ."

"ಹೌದು, ಈರುಳ್ಳಿ ಹಾಕಿದ್ದೀನಿ. ಬೆಳೆ ಬಂದಾಗ ನಿಂಗೂ ಕೊಡ್ತೀನಿ. ಇಟ್ಟು ಹೋಗು."

ನೀರು ಬಿದ್ದರೆ ಮಣ್ಣು ಕೆಸರಾಗುತ್ತಿತ್ತು, ಕೆಸರು ಟೈಲ್ಸಿನ ಸಂದಿಗೆ ಇಳಿಯುತ್ತಿತ್ತು, ಆ ಸಂದಿಯಿಂದ ಉಚ್ಚೆಯ ನಾತದ ಜೊತೆ ಹಸಿಮಣ್ಣಿನ ನಾತವೂ ಏಳುತ್ತಿತ್ತು. ತಲೆವಸ್ತ್ರದ ಸೆರಗಿನಿಂದ ಮೂಗು ಕಟ್ಟಿಕೊಂಡು, ಮಂಡಿ ಊರಿ, ಬಟ್ಟೆ ಹಿಂಡಿ, ಮತ್ತೆ ಉಜ್ಜಿ, ಮತ್ತೆ ಹಿಂಡಿ ರತೀಬಾ ಏಳುವ ಹೊತ್ತಿಗೆ ಸೊಂಟ ಎರಡು ತುಂಡಾಗಿರುತ್ತಿತ್ತು. ಕೈಯನ್ನು ಎಷ್ಟು ಸೋಪು ಹಾಕಿ ತೊಳೆದರೂ ರೊಟ್ಟಿ ಮುರಿಯುವಾಗ ವಾಸನೆ ಬಂದೇ ಬರುತ್ತಿತ್ತು. ರೊಟ್ಟಿಯನ್ನು ಹಾಗೇ ತಟ್ಟೆಯಲ್ಲಿ ಬಿಟ್ಟು ಎದ್ದುಬಿಡುತ್ತಿದ್ದಳು.

ಮರಿಗೆ ಮೊದಲು ಒಳಗೆ ಒಂದು ಜಾಗ ಕಲಿಸಬೇಕು, ಆಮೇಲೆ ಹೊರಗಿನದು ಎಂದು ನಶ್ವಾ ಪಾಠ ಹೇಳಿದ್ದಳು. ಬಾಲ್ಕನಿಯ ಮೂಲೆಯಲ್ಲಿ ಪತ್ರಿಕೆ ಹಾಸಬೇಕು, ಉಂಡ ಕೂಡಲೇ, ನಿದ್ದೆಯಿಂದೆದ್ದ ಕೂಡಲೇ ಎತ್ತಿ ಅಲ್ಲಿ ನಿಲ್ಲಿಸಬೇಕು, ಅಲ್ಲಿ ಮಾಡಿದರೆ ಚೂರು ಚೀಸ್ ಕೊಡಬೇಕು.

"ಉಚ್ಚೆ ಹುಯ್ದದ್ದಕ್ಕೆ ಬಹುಮಾನ," ಎಂದಳು ರತೀಬಾ. "ಚೆನ್ನಾಗಿದೆ ಕಾಲ."

"ಬೇರೆಲ್ಲಾದ್ರೂ ಮಾಡಿದ್ರೆ ಹೊಡೀಬೇಡಮ್ಮ. ಮಾಡಿ ಎಷ್ಟೋ ಹೊತ್ತಾದ ಮೇಲೆ ಗದರಿಸಿದ್ರೆ ಅದಕ್ಕೆ ಏನೂ ಅರ್ಥ ಆಗಲ್ಲ."

ಪತ್ರಿಕೆ ಹಾಸುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಅಲ್ಲಾಹನ ಹೆಸರಿರುವ ಕಾಗದದ ಮೇಲೆ ನಾಯಿಯಿಂದ ಉಚ್ಚೆ ಹುಯ್ಯಿಸುವುದುಂಟೇ? ರತೀಬಾ ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತು ಒಂದೊಂದೇ ಹಾಳೆ ಓದಿದಳು. ಸಾವಿನ ಸುದ್ದಿಯ ಪುಟ ಮೊದಲೇ ಹೋಯಿತು, ಅದರಲ್ಲಿ ಪ್ರತಿ ಸಾಲಿಗೂ ಕುರಾನಿನ ಆಯತ್ತು. ರಾಜಕೀಯದ ಪುಟದಲ್ಲಿ ಮಂತ್ರಿಗಳೆಲ್ಲ ಇನ್ಶಾ ಅಲ್ಲಾ ಎನ್ನುತ್ತಲೇ ಮಾತು ಮುಗಿಸಿದ್ದರು. ಆಟದ ಪುಟವಾದರೂ ಆದೀತೆಂದರೆ ಗೋಲ್ ಹೊಡೆದವನ ಹೆಸರೇ ಅಬ್ದುಲ್ಲಾ. ಕೊನೆಗೆ ಉಳಿದದ್ದು ಅಂಗಡಿಯವರು ಬಾಗಿಲಡಿ ತೂರಿಸಿ ಹೋಗುವ ಬಣ್ಣದ ಜಾಹೀರಾತು ಹಾಳೆಗಳು: ಕೋಳಿ, ಸೋಪಿನ ಪುಡಿ, ಅಡುಗೆ ಎಣ್ಣೆ. ಅವನ್ನೇ ಹಾಸಿದಳು. ಆ ನುಣುಪು ಕಾಗದ ಒಂದು ತೊಟ್ಟನ್ನೂ ಹೀರಲಿಲ್ಲ. ಬುಂದುಕ್ ಹುಯ್ದದ್ದೆಲ್ಲ ಕೋಳಿಯ ಚಿತ್ರದ ಮೇಲೆ ಜಾರಿ, ಬಾಲ್ಕನಿ ದಾಟಿ, ಕೆಳಗೆ ಎರಡನೇ ಮಹಡಿಯ ಉಮ್ಮ್ ಹಾನಿ ಒಣಹಾಕಿದ್ದ ಹಾಸಿಗೆ ಬಟ್ಟೆಯ ಮೇಲೆ ತೊಟ್ಟಿಕ್ಕಿತು.

ಉಮ್ಮ್ ಹಾನಿ ಮೇಲಕ್ಕೆ ಬಂದಳು. ಬಾಗಿಲಲ್ಲೇ ನಿಂತು ಬಟ್ಟೆಯ ಗಂಟನ್ನು ಚೆಲ್ಲಿದಳು.

"ಹಜ್ ಮಾಡಿ ಬಂದ ಹೆಂಗಸು ನೀನು. ಮೆಕ್ಕಾದ ಜಮ್‌ಜಮ್ ನೀರು ಕೊಡ್ತೀಯ ಅಂದುಕೊಂಡಿದ್ದೆ, ಇದನ್ನ ಕೊಟ್ಟೆಯಲ್ಲೇ ತಾಯಿ."

"ತೊಳೆದು ಕೊಡ್ತೀನಿ, ಬಿಡು."

"ಏಳು ಸಲ ತೊಳಿ. ನಾನೂ ಶಾಫಿನೇ."

ಆ ದಿನ ಬೇರೆಯವರ ಹಾಸಿಗೆ ಬಟ್ಟೆಯನ್ನು ಬಚ್ಚಲಲ್ಲಿ ಮಣ್ಣು ಹಾಕಿ ಉಜ್ಜುತ್ತ ರತೀಬಾ ಅತ್ತದ್ದೂ ಉಂಟು. ಮಾರನೆಯ ದಿನದಿಂದ ಒಳಗಿನ ಪಾಠ ಸಾಕೆಂದು ಹೊರಗಿನದಕ್ಕೆ ಇಳಿದಳು.

ಹೊರಗೆ ಕರೆದುಕೊಂಡು ಹೋಗಬೇಕಾದವರು ಫಹ್ಮಿ. ಅದಕ್ಕೆಂದೇ ಅಲ್ಲವೇ ನಾಯಿ ಬಂದದ್ದು. ಒಂದೇ ಒಂದು ಸಲ ಹೋದರು. ಬೀದಿಬಾಗಿಲ ತನಕ ಇಳಿದು, ಇದ್ರೀಸನ ಸಲಾಮಿಗೆ ಉತ್ತರವನ್ನೂ ಕೊಡದೆ ಧಾವಂತದಿಂದ ಹತ್ತಿ ಬಂದು ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ನಾಯಿ ಹಿಡ್ಕೊಂಡು ಬೀದೀಲಿ ನಿಲ್ಲೋದು ನನ್ನಿಂದ ಆಗಲ್ಲ. ನನ್ನ ಹತ್ರ ಓದಿದ ಹುಡುಗರು ಓಡಾಡೋ ಬೀದಿ ಅದು."

ಹಾಗಾಗಿ ರತೀಬಾ ಇಳಿದಳು. ನಸುಕಿನ ಫಜರ್ ನಮಾಜು ಮುಗಿಸಿ, ಬೀದಿ ಇನ್ನೂ ಖಾಲಿ ಇರುವಾಗ, ಕೈಗೆ ಚೀಲ ಸುತ್ತಿಕೊಂಡು, ಹಗ್ಗದ ತುದಿಯನ್ನು ಸತ್ತ ಇಲಿಯ ಬಾಲದ ಹಾಗೆ ಎರಡು ಬೆರಳಲ್ಲಿ ಹಿಡಿದು. ಫುಟ್‌ಪಾತಿನ ಮೇಲೆ ಧೂಳು ಹಿಡಿದ ಒಂದು ಮರವಿತ್ತು. ಅದರ ಬುಡದಲ್ಲಿ ನಿಂತು ಕಾಯಬೇಕು. ಕಸದ ರಾಶಿಯ ಮೇಲಿನ ಬೀದಿನಾಯಿಗಳು ತಲೆಯೆತ್ತಿ ನೋಡಿದರೆ ಬುಂದುಕ್ ಅವಳ ಗೌನಿನೊಳಗೆ ನುಗ್ಗಿ ನಡುಗುತ್ತಿತ್ತು. ಕಾಲಿನ ಮಧ್ಯೆ ನಾಯಿ, ಸುತ್ತ ನೊಣ, ಮೂಗಿಗೆ ಕೊಳೆತ ಕಲ್ಲಂಗಡಿಯ ವಾಸನೆ. ಇವನ್ನೆಲ್ಲ ಸಹಿಸಿಕೊಂಡು ನಿಂತರೆ, ಆ ಪ್ರಾಣಿ ಒಂದು ತೊಟ್ಟೂ ಹುಯ್ಯದೆ ಮೇಲೆ ಬಂದು ಕಂಬಳಿಯ ಮೇಲೆ ಹುಯ್ಯುತ್ತಿತ್ತು. ಎತ್ತಿ ಬಾಲ್ಕನಿಯಿಂದ ಎಸೆದುಬಿಡಲೇ ಎಂದು ಅವಳಿಗೆ ನಿಜವಾಗಿ ಅನಿಸಿದೆ.

ಆದರೂ ಬಿಡಲಿಲ್ಲ. ಅವಳ ಹಟ ಅಂಥದು. ಉಂಡ ಕೂಡಲೇ ಕೆಳಗೆ, ಎದ್ದ ಕೂಡಲೇ ಕೆಳಗೆ. ಒಂದು ಬೆಳಗ್ಗೆ ಬುಂದುಕ್ ಮರದ ಬುಡವನ್ನು ಮೂರು ಸುತ್ತು ಮೂಸಿ, ಸೊಂಟ ಇಳಿಸಿ, ಧಾರಾಳವಾಗಿ ಹುಯ್ದಿತು. ರತೀಬಾ ಚೀಸಿನ ಚೂರನ್ನು ನೆಲಕ್ಕೆ ಬಿಸಾಕಿದಳು.

"ತಗೋ. ತಿಂದು ಸಾಯಿ."

"ಕಲ್ತುಬಿಡ್ತು ನೋಡ್ರಿ ಹಾಜಮ್ಮ," ಎಂದ ಇದ್ರೀಸ್. "ಇನ್ನ ನಿಮ್ಮ ಹೊಲಾ ಬಂದ್."

ಬಂದ್ ಆಗಲಿಲ್ಲ. ಮರಿ ಹೊರಗೆ ತಪ್ಪದೆ ಮಾಡುತ್ತಿತ್ತು, ಹೊರಗೆ ಹೋಗಬೇಕಾದಾಗ ಬಾಗಿಲು ಕೆರೆಯುವುದನ್ನೂ ಕಲಿತಿತ್ತು. ಆದರೂ ಒಳಗೆ ಒದ್ದೆ ಕಾಣಿಸುತ್ತಲೇ ಇತ್ತು. ಕುರ್ಚಿಯ ಹತ್ತಿರ. ಬಚ್ಚಲಿಗೆ ಹೋಗುವ ದಾರಿಯಲ್ಲಿ. ಒಮ್ಮೊಮ್ಮೆ ಸೋಫಾದ ಅಂಚಿನಲ್ಲಿ. ಇಷ್ಟು ಚಿಕ್ಕ ಹೊಟ್ಟೆಯಲ್ಲಿ ಇಷ್ಟು ನೀರು ಎಲ್ಲಿಂದ ಬರುತ್ತದೋ ಎಂದು ಅವಳು ಶಾಪ ಹಾಕುತ್ತ ತೊಳೆದಳು. ಹೊಡೆಯಬೇಡ ಎಂದ ಮಗಳ ಮಾತನ್ನು ಗಾಳಿಗೆ ತೂರಿ, ಮರಿಯನ್ನು ಕುತ್ತಿಗೆ ಹಿಡಿದು ತಂದು ಮೂಗನ್ನು ಒದ್ದೆಗೆ ಒತ್ತಿ, ಚಪ್ಪಲಿಯಿಂದ ಬಾರಿಸಿದಳು. ಅದು ನೆಲಕ್ಕಂಟಿ, ತಾನು ಮಾಡಿದ ತಪ್ಪೇನೆಂದು ತಿಳಿಯದೆ ಅವಳ ಮುಖವನ್ನೇ ನೋಡಿತು.

"ಬಿಡೇ ಅದನ್ನ. ಹೊಡೀಬೇಡ," ಎಂದರು ಫಹ್ಮಿ.

"ನೀವೇ ಅಲ್ವಾ ಮಲಕುಗಳು ಬರಲ್ಲ ಅಂದಿದ್ದು? ಈಗೇನು ಕರುಳು ಚುರುಕ್ ಅಂತಿದೆ?"

"ಹಾಗಲ್ಲ. ನಿನ್ನ ಸೊಂಟ ನೋಡ್ಕೋ ಅಂತ. ನೋಡು, ಏಳು ಸಲ ತೊಳೆಯೋ ಅಗತ್ಯ ಇಲ್ಲ. ನಾನು ಯೋಚನೆ ಮಾಡ್ದೆ. ಮಾಲಿಕಿ ಪಂಥದವರ ಪ್ರಕಾರ ಆ ಏಳು ನೀರು ನಾಯಿ ನೆಕ್ಕಿದ ಪಾತ್ರೆಗೆ ಮಾತ್ರ. ನೆಲಕ್ಕೆ ಬಿದ್ದಿದ್ದಕ್ಕೆ ಒಂದು ನೀರು ಸಾಕು. ಮಣ್ಣೂ ಬೇಡ."

ರತೀಬಾ ಹಿಂಡುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ತಿರುಗಿದಳು.

"ನೀವು ಯಾವಾಗಿಂದ ಮಾಲಿಕಿ ಆದ್ರಿ ಹೆಡ್ಮಾಸ್ತರ್ರೇ? ಕುರ್ಚೀಲಿ ಕೂತು ಕೂತು ಪಂಥಾನೂ ಬದಲಾಯಿಸಿಬಿಟ್ರಾ?"

"ತೊಂದರೆ ಇದ್ದಾಗ ಇನ್ನೊಂದು ಪಂಥದ ಮಾತು ಹಿಡೀಬಹುದು. ತಪ್ಪಿಲ್ಲ. ಬೇಕಾದ್ರೆ ಮಸೀದಿ ಇಮಾಮರಿಗೆ ಫೋನು ಮಾಡಿ ಕೇಳ್ತೀನಿ."

"ಯಾರನ್ನೂ ಕೇಳೋದು ಬೇಡ. ತಾಮ್ರದ ಪಾತ್ರೇನ ಹದಿನಾಲ್ಕು ಸಲ ತೊಳೆಸಿದವರು ನೀವು. ನಾನು ಈ ವಯಸ್ಸಲ್ಲಿ ಹೊಸ ದಾರಿ ಹಿಡಿಯಲ್ಲ."

ಫಹ್ಮಿ ಮಾರನೆಯ ದಿನವೂ ಅದೇ ರಾಗ ತೆಗೆದರು, ಅದರ ಮಾರನೆಯ ದಿನವೂ. ಒಂದು ಸಲವಂತೂ ಅವಳು ಅಡುಗೆಮನೆಯಿಂದ ಬರುವಷ್ಟರಲ್ಲಿ ತಾವೇ ಮಂಡಿಯೂರಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಒಂದು ಲೋಟ ನೀರು ಬೇಕಾದರೂ ಕೂತಲ್ಲಿಂದಲೇ ಕೂಗುವ ಮನುಷ್ಯ. ರತೀಬಾ ಬಟ್ಟೆಯನ್ನು ಕಿತ್ತುಕೊಂಡು ಮಣ್ಣು ಸುರಿದಳು.

ರಂಜಾನ್ ಹತ್ತಿರ ಬರುತ್ತಿತ್ತು. ಆ ತಿಂಗಳಿಡೀ ಬೀದಿಯ ಹೆಂಗಸರು ಕುರಾನ್ ಓದಲು ಅವಳ ಮನೆಯಲ್ಲೇ ಸೇರುತ್ತಿದ್ದರು, ಅದು ಅವಳ ಹೆಮ್ಮೆ. ಉಮ್ಮ್ ಹಾನಿ ಆಗಲೇ ಮೆಟ್ಟಿಲಲ್ಲಿ ನಿಂತು, ಈ ಸಲ ನಮ್ಮ ಮನೆಯಲ್ಲೇ ಓದಿಸೋಣ, ನೆಲ ಒಣಗಿರುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದಳು. ಅದನ್ನು ಕೇಳಿದ ರತೀಬಾಳ ಮೈಯೆಲ್ಲ ಉರಿದುಹೋಯಿತು. ಮೇಲೆ ಬಂದವಳೇ ಮಗಳಿಗೆ ಫೋನು ಮಾಡಿದಳು, ಗಂಡನ ಎದುರಿಗೇ.

"ಶುಕ್ರವಾರ ಬಂದು ತಗೊಂಡು ಹೋಗು ನಿನ್ನ ನಾಯಿನ. ಅಪ್ಪನೂ ಏಳ್ಲಿಲ್ಲ, ಇದೂ ಕಲೀಲಿಲ್ಲ. ವಾಸನೆ ಕುಡ್ದು ಕುಡ್ದು ನನಗೆ ಬದುಕೇ ವಾಕರಿಕೆ ಬಂದಿದೆ. ಈ ಮನೇಲಿ ಗಲೀಜು ಮಾಡೋರಿಗೆ ಜಾಗ ಇಲ್ಲ, ಮುಗೀತು."

ಫೋನು ಇಟ್ಟು ನೋಡಿದರೆ ಫಹ್ಮಿಯ ಮುಖದಲ್ಲಿ ರಕ್ತವಿರಲಿಲ್ಲ.

"ಇನ್ನೊಂದು ತಿಂಗಳು ಇರಲಿ," ಎಂದರು. "ಪಾಪ ಅದು."

"ಪಾಪ ನಾನು," ಎಂದಳು ರತೀಬಾ.

ಕಳಿಸುವ ಮುಂಚೆ ಒಂದು ಸೂಜಿ ಹಾಕಿಸಬೇಕಿತ್ತು. ಗುರುವಾರ ಮಧ್ಯಾಹ್ನ ಫಹ್ಮಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ ರತೀಬಾ ಮರಿಯನ್ನು ತರಕಾರಿ ಬುಟ್ಟಿಯಲ್ಲಿಟ್ಟು, ಬೀದಿಯವರ ಕಣ್ಣಿಗೆ ಬೀಳದಂತೆ ಮೇಲೊಂದು ಬಟ್ಟೆ ಮುಚ್ಚಿ, ಸದ್ದಿಲ್ಲದೆ ಬಾಗಿಲೆಳೆದುಕೊಂಡು ಹೋದಳು. ಪ್ರಾಣಿಗಳ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಬುಂದುಕ್ ಮಂಕಾಗಿ ಬುಟ್ಟಿಯೊಳಗೆ ಮುದುಡಿ ಮಲಗಿತು. ಡಾಕ್ಟರ ಅಂಗಳದಲ್ಲಿ ಒಮ್ಮೆ, ಮನೆಯ ಮುಂದಿನ ಮರದ ಬುಡದಲ್ಲಿ ಇನ್ನೊಮ್ಮೆ ಉಚ್ಚೆ ಹುಯ್ಯಿಸಿಯೇ ಅವಳು ಮೆಟ್ಟಿಲು ಹತ್ತಿದಳು. ಬಾಗಿಲ ಬೀಗ ತಿರುಗಿದ ಸದ್ದಿಗೆ ಒಳಗಿಂದ ಫಹ್ಮಿಯ ದನಿ ಬಂತು.

"ರತೀಬಾ? ಬಂದ್ಯಾ? ನೋಡು, ನಿನ್ನ ನಾಯಿ ಮತ್ತೆ ಮಾಡ್ತು. ಇದೇ ಈಗ, ಕುರ್ಚಿ ಹತ್ರ. ನಾನು ಗದರಿಸ್ದೆ, ಸೋಫಾ ಅಡೀಲಿ ಓಡಿಹೋಯ್ತು."

ರತೀಬಾ ಚಪ್ಪಲಿ ಬಿಡಲೆಂದು ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತಳು. ಬುಟ್ಟಿಯ ಬಟ್ಟೆ ಸರಿಸಿ ನೋಡಿದಳು. ಬುಂದುಕ್ ಅಲ್ಲೇ ಇತ್ತು, ಕಣ್ಣು ಮುಚ್ಚಿಕೊಂಡು.

ಮೊದಲು ಉಕ್ಕಿದ್ದು ಹೇಸಿಗೆಯೇ. ಇಷ್ಟು ದಿನ ಮಂಡಿಯೂರಿ ತಾನು ಬಳಿದದ್ದು ಅದನ್ನೇ, ಕಾಲಿಟ್ಟದ್ದು ಅದರೊಳಗೇ. ಅದರ ಹಿಂದೆಯೇ ಸಿಟ್ಟು ಬಂತು. ಎಂಥ ಸುಳ್ಳ ಈತ, ಮೂಕಪ್ರಾಣಿಯ ತಲೆಗೆ ಕಟ್ಟಿ ಹೊಡೆಸಿದ ಮನುಷ್ಯ. ನುಗ್ಗಿ ಹೋಗಿ ಬುಟ್ಟಿಯನ್ನು ಅವರ ಮಡಿಲಿಗೆ ಕುಕ್ಕಬೇಕೆಂದು ಎರಡು ಹೆಜ್ಜೆ ಇಟ್ಟಳು ಕೂಡ. ಅಲ್ಲಿಂದ ಬಾಗಿಲ ಸಂದಿಯಲ್ಲಿ ಅವರು ಕಂಡರು. ಒದ್ದೆಯಾದ ನಿಲುವಂಗಿಯ ಅಂಚನ್ನು ತೊಡೆಯ ಕೆಳಗೆ ಮಡಚಿ ತುರುಕಿಕೊಳ್ಳುತ್ತಿದ್ದರು. ಇಡೀ ಶಾಲೆಯನ್ನು ಕಣ್ಣಲ್ಲೇ ಆಳಿದವರು, ಕಿವಿಯನ್ನು ಬಾಗಿಲ ಕಡೆಗೆ ಇಟ್ಟುಕೊಂಡು, ಸಿಕ್ಕಿಬೀಳುವ ಭಯದಲ್ಲಿ ಅಂಗಿ ತುರುಕಿಕೊಳ್ಳುತ್ತಿದ್ದರು.

ಆಗ ಒಂದೊಂದೇ ಅರ್ಥವಾಗತೊಡಗಿತು. ಮಸೀದಿಗೆ ಯಾಕೆ ಹೋಗುತ್ತಿಲ್ಲ. ಬೀದಿಬಾಗಿಲಿಂದ ಯಾಕೆ ಓಡಿಬಂದರು. ಆಪರೇಷನ್ ಆದಮೇಲೆ ಡಾಕ್ಟರು ಏನೋ ಹೇಳಹೊರಟಾಗ ಅವಳನ್ನು ಯಾಕೆ ಚಹಾ ತರಲು ಕಳಿಸಿದರು. ತಮ್ಮ ಒಳಬಟ್ಟೆಯನ್ನು ತಾವೇ ಯಾಕೆ ಒಗೆದುಕೊಳ್ಳುತ್ತಿದ್ದಾರೆ. ಶಾಫಿ ಮನುಷ್ಯ ಯಾಕೆ ಮಾಲಿಕಿ ಆದ. ತನ್ನದಕ್ಕೆ ಹೆಂಡತಿ ಏಳು ನೀರು ಹಾಕುವುದನ್ನು ನೋಡುತ್ತ ಕೂರಲಾರದೆ, ನನ್ನದು ಎಂದು ಬಾಯಿಬಿಟ್ಟು ಹೇಳಲೂ ಆಗದೆ, ಆ ಪಂಥದ ಮಾತನ್ನು ತಂದಿದ್ದರು. ಅವಳು ಅವರ ಎದುರಿಗೇ ಮೂಗು ಕಟ್ಟಿಕೊಂಡಿದ್ದಳು. ಅವರ ಎದುರಿಗೇ ವಾಕರಿಕೆ ಎಂದಿದ್ದಳು. ಗಲೀಜು ಮಾಡುವವರಿಗೆ ಈ ಮನೆಯಲ್ಲಿ ಜಾಗವಿಲ್ಲ ಎಂದಿದ್ದಳು. ಒಂದು ಮಾತನ್ನೂ ಬಿಡದೆ ಅವರು ಕೇಳಿಸಿಕೊಂಡಿದ್ದರು. ರತೀಬಾಳಿಗೆ ತನ್ನ ನಾಲಿಗೆಯ ಮೇಲೆಯೇ ಅಸಹ್ಯ ಹುಟ್ಟಿತು.

ಅವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಅಡುಗೆಮನೆಯ ಮೂಲಕ ಬಾಲ್ಕನಿಗೆ ಹೋಗಿ ಬುಂದುಕ್ಕನ್ನು ನೆಲಕ್ಕಿಳಿಸಿ ಬಾಗಿಲು ಮುಚ್ಚಿದಳು. ಬುಟ್ಟಿಯನ್ನು ಸಿಂಕಿನಡಿ ತಳ್ಳಿದಳು. ಮುಖಕ್ಕೆ ನೀರು ಹಾಕಿಕೊಂಡಳು. ಆಮೇಲೆ ಮಣ್ಣಿನ ಬಕೀಟು ಎತ್ತಿಕೊಂಡು ಹಜಾರಕ್ಕೆ ಬಂದಳು.

"ಥೂ, ಇದರ ಮನೆ ಹಾಳಾಗ. ಎಲ್ಲಿ ಹೋಯ್ತು ಅದು?"

"ಓಡ್ತು," ಎಂದರು ಫಹ್ಮಿ, ಸೋಫಾದ ಕಡೆ ನೋಡದೆ.

"ಬಾಲ್ಕನಿಗೆ ಹೋಗಿರಬೇಕು. ಸಿಗಲಿ ಕೈಗೆ."

ಮೂಗು ಕಟ್ಟಿಕೊಂಡಳು. ಕಟ್ಟಿಕೊಳ್ಳದಿದ್ದರೆ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಮಂಡಿಯೂರಿ ಮಣ್ಣು ಸುರಿದಳು. ನಿನ್ನೆಯ ವಾಸನೆಯೇ, ನಿನ್ನೆಯ ವಾಕರಿಕೆಯೇ. ಗಂಡನದೆಂದು ತಿಳಿದ ಮಾತ್ರಕ್ಕೆ ಅದೇನೂ ಪನ್ನೀರಾಗಲಿಲ್ಲ.

"ರತೀಬಾ, ಒಂದು ನೀರು ಸಾಕೇ. ಮಾಲಿಕಿಯವರು..."

"ಮಾಲಿಕಿಯವರ ಸೊಂಟಕ್ಕೆ ಏನಾಗಿದೆಯೋ ನನಗೆ ಗೊತ್ತಿಲ್ಲ. ಈ ಮನೇಲಿ ನಾಯಿದಾದ್ರೆ ಏಳು."

ಏಳೂ ನೀರು ಹಾಕಿದಳು. ಒಂದು ಕಡಿಮೆ ಹಾಕಿದ್ದರೂ ಲೆಕ್ಕ ಇಡುವ ಮನುಷ್ಯ ಅವರು. ಮುಗಿಸಿ ಎದ್ದು, ಅವರಿಗೆ ಬೆನ್ನು ಹಾಕಿ, ಬೆಳಗಿನ ಬಟ್ಟೆ ಮಾಸಿದೆ, ಬದಲಾಯಿಸಿಕೊಳ್ಳಿ ಎಂದು ಒಗೆದ ಅಂಗಿಯನ್ನು ಕುರ್ಚಿಯ ತೋಳಿಗೆ ಹಾಕಿ ಅಡುಗೆಮನೆಗೆ ಹೋದಳು. ಬಟ್ಟೆ ಬದಲಾಯಿಸಿ ಮುಗಿಯುವಷ್ಟು ಹೊತ್ತು ಅಲ್ಲೇ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ತೊಳೆದಳು.

ಶುಕ್ರವಾರ ಬೆಳಗ್ಗೆ ನಶ್ವಾ ಬಂದಳು. ಬಂದವಳೇ ಮರಿಯನ್ನು ಎತ್ತಿಕೊಂಡು ತಟ್ಟಿದಳು.

"ಅಮ್ಮ, ಕೆಳಗೆ ಇದ್ರೀಸ್ ಹೇಳ್ತಿದ್ದ, ಇದು ಗಡಿಯಾರದ ಹಾಗೆ ಹೊರಗೇ ಮಾಡುತ್ತಂತಲ್ಲ. ಕಲಿತಿಲ್ಲ ಅಂತೀಯ ನೀನು?"

"ಇದ್ರೀಸನಿಗೇನು ಗೊತ್ತು? ಅವನು ಬಾಗಿಲ ಹೊರಗಿರ್ತಾನೆ. ಒಳಗೆ ತೊಳೆಯೋಳು ನಾನು."

"ಸರಿ ಬಿಡು, ಕರ್ಕೊಂಡು ಹೋಗ್ತೀನಿ. ನನ್ನ ಗೆಳತಿಯೊಬ್ಬಳು ಸಾಕ್ತೀನಿ ಅಂದಿದ್ದಾಳೆ."

ಫಹ್ಮಿ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ನಾಯಿ ಹೋದ ಮೇಲೆ ನೆಲ ಒದ್ದೆಯಾದರೆ ಯಾರ ಹೆಸರು ಹೇಳುವುದು ಎಂಬ ಲೆಕ್ಕ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ರತೀಬಾ ಮಗಳ ಕೈಯಿಂದ ಮರಿಯನ್ನು ಕಿತ್ತುಕೊಂಡಳು. ಅದು ಮುಖ ನೆಕ್ಕಲು ಬಂತು. ಕತ್ತು ಹಿಂದಕ್ಕೆಳೆದು ಮುಖ ಸಿಂಡರಿಸಿದಳು, ಆದರೆ ಕೆಳಗೆ ಬಿಡಲಿಲ್ಲ.

"ಇದನ್ನ ಎಲ್ಲೂ ಕಳಿಸಲ್ಲ."

"ಮೊನ್ನೆ ತಾನೇ ವಾಕರಿಕೆ ಅಂದ್ಯಲ್ಲಮ್ಮ."

"ವಾಕರಿಕೆ ಈಗಲೂ ಇದೆ. ನಾನೇನು ಇಲ್ಲ ಅಂದ್ನಾ? ಕೆಲವಕ್ಕೆ ಎಷ್ಟು ಕಲಿಸಿದ್ರೂ ಬರಲ್ಲ, ಅದರ ಕೈಲಿ ಇರೋದಿಲ್ಲ. ಅಷ್ಟಕ್ಕೇ ಮನೆಯಿಂದ ಆಚೆ ಹಾಕ್ತಾರಾ? ತೊಳೆದ್ರೆ ಹೋಗುತ್ತೆ."

"ಹೆಂಗಸರು ಕುರಾನ್ ಓದೋಕೆ ಬರಲ್ವಾ ಹಾಗಾದ್ರೆ?"

"ಉಮ್ಮ್ ಹಾನಿ ಮನೇಲಿ ಓದ್ತಾರೆ. ಅವಳ ನೆಲ ಒಣಗಿರುತ್ತಂತೆ."

ನಶ್ವಾ ತಾಯಿಯನ್ನೂ ತಂದೆಯನ್ನೂ ಬದಲಿಸಿ ಬದಲಿಸಿ ನೋಡಿದಳು.

ಮಸೀದಿಯಿಂದ ಬಾಂಗ್ ಕೇಳಿಸಿತು. ರತೀಬಾ ಮಲಗುವ ಕೋಣೆಗೆ ಹೋಗಿ ಕಪಾಟು ತೆರೆದು, ಹಿಂದಿನ ಸಾಲಿನಿಂದ ಒಂದು ಉದ್ದ ಕೋಟನ್ನು ಎಳೆದು ತಂದಳು. ಧೂಳು ಕೊಡವಿ ಗಂಡನ ಮುಂದೆ ಹಿಡಿದಳು.

"ಹಾಕ್ಕೊಳ್ಳಿ. ನಾಯಿನ ಕೆಳಗೆ ಇಳಿಸಿಕೊಂಡು ಬನ್ನಿ. ನನ್ನ ಸೊಂಟ ಇವತ್ತು ಏಳ್ತಿಲ್ಲ."

"ಈ ಸೆಕೇಲಿ ಕೋಟ್ಯಾಕಮ್ಮ?" ಎಂದಳು ನಶ್ವಾ. "ಹೊರಗೆ ಬೆಂಕಿ ಸುರೀತಿದೆ."

"ಇರಲಿ. ಮಂಡಿ ತನಕ ಬರುತ್ತೆ. ಕಪ್ಪು ಬೇರೆ, ಏನಾದರೂ ಕಾಣಲ್ಲ."

ಫಹ್ಮಿ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ರತೀಬಾ ನಾಯಿಯ ಕುತ್ತಿಗೆಗೆ ಹಗ್ಗ ಕಟ್ಟುವುದರಲ್ಲಿ ಮಗ್ನಳಾಗಿದ್ದಳು, ಗಂಟು ಸರಿಯಾಗಿದ್ದರೂ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯ ತೋಳಿಗೆ ಕೈ ಊರಿ ನಿಧಾನವಾಗಿ ಎದ್ದು, ಕೋಟು ತೊಟ್ಟು, ಮೇಲಿನಿಂದ ಕೆಳಗಿನ ತನಕ ಗುಂಡಿಗಳನ್ನೆಲ್ಲ ಹಾಕಿಕೊಂಡರು.

"ಮರದ ತನಕ ಹೋಗಿ ಬಂದ್ಬಿಡ್ತೀನಿ," ಎಂದರು.

"ಅವಸರ ಏನಿಲ್ಲ. ದಾರೀಲಿ ಮೆಟ್ಟಿಲ ಮೇಲೆ ಏನಾದ್ರೂ ಆದ್ರೂ ತಲೆ ಕೆಡಿಸ್ಕೋಬೇಡಿ. ಹೇಗೂ ನಾಯಿ ಜೊತೇಲಿರುತ್ತೆ."

ಫಹ್ಮಿ ಹಗ್ಗದ ತುದಿಯನ್ನು ಅವಳ ಕೈಯಿಂದ ತೆಗೆದುಕೊಂಡು ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ಕೆಳಗಿನಿಂದ ಇದ್ರೀಸನ ಸಲಾಮು ಕೇಳಿಸಿತು, ಅದಕ್ಕೆ ಅವರು ಕೊಟ್ಟ ಉತ್ತರವೂ ಕೇಳಿಸಿತು.